ಕಾಗದದಲ್ಲಿ ನಾನು ಅವನ ಅತ್ತಿಗೆ

ನಾರಿನ್ ಪಕ್ಕದ ಹಳ್ಳಿ
ಸೆಪ್ಟೆಂಬರ್ 19, ಗುರುವಾರ

ಜಿಪಾರಳ ಅಪ್ಪನಿಗೆ,

ಸಲಾಂ. ಹೇಗಿದ್ದೀರಿ? ಬಜಾರಿನಲ್ಲಿ ಮೂಟೆ ಹೊತ್ತು ಹೊತ್ತು ಸೊಂಟ ಹಿಡಿದುಕೊಂಡಿದೆ ಅಂದಿದ್ದಿರಿ, ಈಗ ವಾಸಿಯೇ? ಕುರಿಯ ಕೊಬ್ಬು ಬಿಸಿ ಮಾಡಿ ಹಚ್ಚಿಸಿಕೊಳ್ಳಿ, ಆ ಟ್ಯೂಬಿನ ಮುಲಾಮು ನಂಬಬೇಡಿ. ಹೊತ್ತು ಹೊತ್ತಿಗೆ ಊಟ ಮಾಡುತ್ತೀರಾ? ಬಿಷ್ಕೆಕ್‌ನಲ್ಲಿ ಇನ್ನೂ ಸೆಖೆಯಂತೆ, ಇಲ್ಲಿ ಬೆಟ್ಟದ ತುದಿಗೆ ಆಗಲೇ ಹಿಮ ಬಿದ್ದಿದೆ. ಜಿಪಾರ್ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದು, ನಕ್ಕರೆ ನಿಮ್ಮ ಅಮ್ಮನ ಹಾಗೇ ಕಾಣುತ್ತಾಳೆ. ಕಾಗದ ಬರೆಯುವಾಗ ಮೊದಲು ಕ್ಷೇಮ ವಿಚಾರಿಸಬೇಕು ಅಂತ ಸಂಜೆ ಪಾಠದ ಕಾಲಿಯಾ ಟೀಚರ್ ಹೇಳಿಕೊಟ್ಟಿದ್ದಾರೆ. ವಿಚಾರಿಸಿದ್ದಾಯಿತು. ಇನ್ನು ಮುಂದಿನದನ್ನು ಕೂತುಕೊಂಡು ಓದಿ, ಯಾಕೆಂದರೆ ನಿಮ್ಮ ಮೇಲೆ ನನಗೆ ಬಂದಿರುವ ಕೋಪ ಅಷ್ಟಿಷ್ಟಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀರಿ. ಫೋನ್ ಮಾಡಿದರೆ ನೀವು ಅದನ್ನು ಜೋರಾಗಿ ಕೇಳುವ ಹಾಗೆ ಹಾಸಿಗೆ ಮೇಲೆ ಇಟ್ಟುಬಿಡುತ್ತೀರಿ. ಕೋಣೆಯಲ್ಲಿರುವ ಆರು ಗಂಡಸರೂ ನನ್ನ ಮಾತು ಕೇಳುತ್ತಾರೆ, ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ಚಹಾ ಸೊರ್ ಅನ್ನಿಸುತ್ತಾನೆ. ಸೋಮವಾರ ನಾನು ಅಳುತ್ತಿದ್ದಾಗ ಅವರಲ್ಲೊಬ್ಬ ನಿಮಗೆ, "ಏನಪ್ಪಾ, ಕೋರ್ಟ್ ಶುರುವಾಯ್ತಾ ಮನೇಲಿ?" ಅಂದ. ನೀವು ನಕ್ಕಿರಿ. ಆ ನಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅಂಗಡಿ ಬೋರ್ಡುಗಳನ್ನು ನೋಡಿ ನೋಡಿ ಓದಲು ಕಲಿತೆ ಅಂತ ಜಂಬ ಕೊಚ್ಚಿಕೊಂಡಿದ್ದಿರಲ್ಲ, ಈಗ ಓದಿ. ನನ್ನ ಅಕ್ಷರ ಅಡ್ಡಾದಿಡ್ಡಿ ಇದೆ, ಆದರೂ ಇನ್ನೊಬ್ಬರ ಕೈಯಲ್ಲಿ ಓದಿಸಬೇಡಿ.

ಸೋಮವಾರ ಹಿಟ್ಟು ತರಲು ಹೋದಾಗ ಹಳ್ಳಿ ಕಚೇರಿಯ ಗೋಡೆಗೆ ಹೊಸ ಪಟ್ಟಿ ಅಂಟಿಸಿದ್ದರು. ಹೋದ ವರ್ಷವಾಗಿದ್ದರೆ ಅದು ನನಗೆ ಗೋಡೆಯ ಕಲೆ ಇದ್ದ ಹಾಗೆ, ನೋಡದೆ ಮುಂದೆ ಹೋಗುತ್ತಿದ್ದೆ. ಈಗ ಅಕ್ಷರ ಬರುತ್ತದಲ್ಲ, ನಿಂತು ಒಂದೊಂದೇ ಕೂಡಿಸಿ ಓದಿದೆ. ಅಫ್ಘನ್ ಪಾಮಿರ್ ಬೆಟ್ಟಗಳಿಗೆ ವಾಪಸ್ ಹೋಗುವವರ ಪಟ್ಟಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಲಾರಿ, ಮುರ್ಗಾಬ್ ದಾರಿಯಾಗಿ. ಮೂರನೇ ಸಾಲಿನಲ್ಲಿ ಮಾವನ ಹೆಸರು, ಅದರ ಕೆಳಗೆ ಅತ್ತೆಯ ಹೆಸರು. ಅವರಿಬ್ಬರು ಹೊರಡುತ್ತಾರೆ ಅಂತ ಗೊತ್ತಿತ್ತು, ಬೇಸಿಗೆಯಿಡೀ ಅದೇ ಮಾತು. ಐದನೇ ಸಾಲಿನಲ್ಲಿ "ಎರ್ನಜಾರ್, ಹತ್ತು ವರ್ಷ, ಮಗ" ಅಂತಿತ್ತು. ತಪ್ಪು ಓದಿದೆನೇನೋ ಅಂತ ಮತ್ತೆ ಮೊದಲಿನಿಂದ ಓದಿದೆ. ಮೂರು ಸಲ ಓದಿದರೂ ಅದೇ ಇತ್ತು. ಹಿಟ್ಟಿನ ಚೀಲವನ್ನು ಕಚೇರಿ ಮೆಟ್ಟಿಲ ಮೇಲೆ ಮರೆತು ಬಂದೆ, ಆಮೇಲೆ ಯಾರೋ ಪುಣ್ಯಾತ್ಮರು ಮನೆಗೆ ತಂದುಕೊಟ್ಟರು.

ನಾನು ಹೊತ್ತು ಹೆತ್ತ ಮಗ ಊರು ಬಿಟ್ಟು ಹೋಗುತ್ತಾನೆ ಅನ್ನುವುದನ್ನು ನಾನು ಗೋಡೆ ನೋಡಿ ತಿಳಿದುಕೊಳ್ಳಬೇಕಾಯಿತು. ಎಲ್ಲರಿಗೂ ಗೊತ್ತಿತ್ತು. ಅತ್ತೆಗೆ ಗೊತ್ತಿತ್ತು, ಪಕ್ಕದ ಮನೆಯವರಿಗೆ ಗೊತ್ತಿತ್ತು, ಮುನ್ನೂರು ಕಿಲೋಮೀಟರ್ ಆಚೆ ಕೂತ ನಿಮಗೂ ಗೊತ್ತಿತ್ತು. ಮಾವ ಹದಿನೈದು ದಿನದ ಹಿಂದೆಯೇ ನಿಮ್ಮನ್ನು ಕೇಳಿದರಂತೆ. ನೀವು "ನಿಮ್ಮಿಷ್ಟ ಅಪ್ಪಾ" ಅಂದಿರಂತೆ. ಅದಾದ ಮೇಲೆ ನನ್ನ ಹತ್ತಿರ ನಾಲ್ಕು ಸಲ ಫೋನಿನಲ್ಲಿ ಮಾತಾಡಿದ್ದೀರಿ. ಆಲೂಗಡ್ಡೆ ಬೆಲೆ ಕೇಳಿದಿರಿ, ಹಸು ಎಷ್ಟು ಹಾಲು ಕೊಡುತ್ತದೆ ಕೇಳಿದಿರಿ.

ಈ ತಪ್ಪಿನಲ್ಲಿ ನನ್ನದೂ ಪಾಲಿದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮನ್ನು ಪಾಮಿರ್‌ನಿಂದ ಇಳಿಸಿ ತಂದ ದಿನ ನೆನಪಿದೆಯೇ? ಅಲ್ಲಿ ಕೆಳಗೆ ಕಣಿವೆಯಲ್ಲಿ ಯುದ್ಧ, ಮೇಲೆ ನಮ್ಮಲ್ಲಿ ವೈದ್ಯನಿಲ್ಲ, ಶಾಲೆಯಿಲ್ಲ, ಎಂಟು ತಿಂಗಳು ಹಿಮ. ಇಲ್ಲಿ ಕಿರ್ಗಿಜ್ ನಾಡಿಗೆ ಬಂದರೆ ದೊಡ್ಡ ಹಾಲ್, ಮೇಜು, ಹೂವು, ಭಾಷಣ. ನಿಮ್ಮ ರಕ್ತದವರು, ನಿಮ್ಮ ತಾಯ್ನಾಡು ಅಂದರು. ಆಮೇಲೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರದೇ ಕಾಗದ ತುಂಬಿಸಿದರು. ಮೇಜಿನ ಹಿಂದಿದ್ದ ಹುಡುಗಿ ಎರ್ನಜಾರನ ಗಲ್ಲ ಸವರಿ, "ಈ ರಾಜಕುಮಾರ ಯಾರ ಮಗ?" ಅಂದಳು. ಮಾವ "ನನ್ನ ಮಗ" ಅಂದರು. "ತಾಯಿ?" ಅಂದಳು. ಅತ್ತೆ "ನಾನೇ ಕಣಮ್ಮಾ" ಅಂದರು. ಆ ಹುಡುಗಿ ಅತ್ತೆಯ ಸುಕ್ಕು ಬಿದ್ದ ಮುಖ ನೋಡಿ, "ಪರವಾಗಿಲ್ಲ ಅಜ್ಜಿ, ಪಾಮಿರ್ ಗಾಳಿ ಗಟ್ಟಿ ಇದೆ" ಅಂತ ನಕ್ಕು ಬರೆದುಕೊಂಡಳು. ನಾವಿಬ್ಬರೂ ಪಕ್ಕದಲ್ಲೇ ನಿಂತಿದ್ದೆವು.

ಅವರು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಮೊದಲ ಮಗು ಅಜ್ಜ ಅಜ್ಜಿಯರದು. ನಲವತ್ತನೇ ದಿನ ನಲವತ್ತು ಚಮಚ ನೀರು ಹಾಕಿ ಮೀಯಿಸಿ, ಅತ್ತೆ ಅವನನ್ನು ತಮ್ಮ ಗುಡಾರಕ್ಕೆ ಎತ್ತಿಕೊಂಡು ಹೋದರು. ನನಗೆ ಹದಿನೇಳು ವರ್ಷ. ಎದೆಹಾಲು ಕೊಡಲು ಕರೆದಾಗ ಹೋಗುತ್ತಿದ್ದೆ, ಕೊಟ್ಟು ವಾಪಸ್ ಬರುತ್ತಿದ್ದೆ. ಹಿರಿಯರ ಎದುರು ಮುದ್ದು ಮಾಡುವ ಹಾಗಿರಲಿಲ್ಲ. ಮಾತು ಬಂದ ಮೇಲೆ ಅವನು ಮಾವನನ್ನು ಅಪ್ಪ ಅಂದ, ಅತ್ತೆಯನ್ನು ಅಮ್ಮ ಅಂದ, ನಿಮ್ಮನ್ನು ಅಣ್ಣ ಅಂದ. ನನ್ನನ್ನು ಅತ್ತಿಗೆ ಅಂದ. ಎಲ್ಲ ಮನೆಯಲ್ಲೂ ಹೀಗೇ, ನಾನೇನು ಲೋಕದಲ್ಲಿಲ್ಲದವಳೇ ಅಂತ ಸುಮ್ಮನಿದ್ದೆ. ಅಲ್ಲಿ ಅವರ ಗುಡಾರಕ್ಕೂ ನಮ್ಮ ಗುಡಾರಕ್ಕೂ ಇಪ್ಪತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ ದೂರದಲ್ಲಿರುವ ಮಗನನ್ನು ಯಾರ ಮಗ ಅಂದರೇನು ಅನ್ನಿಸುತ್ತಿತ್ತು. ಆದರೆ ಈ ದೇಶದವರು ನಮ್ಮ ಮಾತನ್ನು ಮಾತಾಗಿ ಬಿಡಲಿಲ್ಲ, ಬರೆದು ಮುದ್ರೆ ಒತ್ತಿಬಿಟ್ಟರು.

ಮಾವ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರಿಗೆ ಈ ಊರು ಹಿಡಿಸಲಿಲ್ಲ, ಹಿಡಿಸುವ ಹಾಗೆ ಯಾರೂ ನಡೆದುಕೊಳ್ಳಲೂ ಇಲ್ಲ. ಅಂಗಡಿಯವಳು ಇವತ್ತಿಗೂ ನಮ್ಮನ್ನು "ಅಫ್ಘನ್‌ನೋರು" ಅನ್ನುತ್ತಾಳೆ. ಅಲ್ಲಿ ಅಫ್ಘನ್ನರ ನಡುವೆ ಇದ್ದಾಗ ನಾವು ಕಿರ್ಗಿಜ್, ಇಲ್ಲಿ ಕಿರ್ಗಿಜರ ನಡುವೆ ಬಂದರೆ ಅಫ್ಘನ್. ಮೊದಲ ವರ್ಷ ಆಲೂಗಡ್ಡೆ ನೆಡುವ ಬೀಜ ಕೊಟ್ಟಾಗ ನಾವು ಅದನ್ನು ಬೇಯಿಸಿ ತಿಂದೆವಲ್ಲ, ಹುಟ್ಟಿದಾಗಿನಿಂದ ನೆಲ ಅಗೆಯದವರಿಗೆ ಅದು ಬೀಜ ಅಂತ ಯಾರು ಹೇಳಿದ್ದರು? ಆ ಕಥೆಯನ್ನು ಊರಿನವರು ಮದುವೆ ಮನೆಗಳಲ್ಲಿ ಹೇಳಿಕೊಂಡು ನಗುತ್ತಾರೆ. "ಅವ್ರಿಗೆ ಮನೆ ಫ್ರೀ, ಹಸು ಫ್ರೀ, ಬುದ್ಧಿ ಮಾತ್ರ ಫ್ರೀಯಾಗಿ ಸಿಗ್ಲಿಲ್ಲ" ಅಂದವರ ಎದುರು ಮಾವ ಟೋಪಿ ಸರಿಮಾಡಿಕೊಂಡು ಸುಮ್ಮನೆ ನಡೆದು ಬಂದಿದ್ದಾರೆ. ಅಲ್ಲಿ ನಲವತ್ತು ಗುಡಾರದವರು ಅವರ ಮಾತು ಕೇಳಿ ವಲಸೆ ಹೊರಡುತ್ತಿದ್ದರು. ಇಟ್ಟಿಗೆ ಮನೆಯಲ್ಲಿ ಉಸಿರು ಕಟ್ಟುತ್ತದೆ ಅಂತ ಅವರು ಅಂಗಳದಲ್ಲಿ ಗುಡಾರ ಹಾಕಿ ಎರಡು ವರ್ಷ ಅದರಲ್ಲೇ ಮಲಗಿದರು. ಎರ್ನಜಾರನೂ ಅಲ್ಲೇ ಮಲಗಿದ. ಅವರು ಹೋಗಲಿ, ನಾನು ತಡೆಯುವುದಿಲ್ಲ. ಅವರಿಗೆ ಅವರ ಯಾಕ್‌ಗಳು ಬೇಕು, ಅವರ ಗಾಳಿ ಬೇಕು, ಸಾಯುವುದಿದ್ದರೆ ಅವರ ನೆಲದಲ್ಲಿ ಸಾಯಬೇಕು. ಆದರೆ ನನ್ನ ಮಗ ಯಾಕೆ ಹೋಗಬೇಕು?

ಆ ಕಿವಿ ನಿಮಗೆ ನೆನಪಿದೆಯೇ? ಎಂಟು ವರ್ಷ ಸೋರುತ್ತಿದ್ದ ಕಿವಿ. ಎಡಗಿವಿಯಿಂದ ಕೀವು ಇಳಿದು ದಿಂಬೆಲ್ಲ ನಾರುತ್ತಿತ್ತು. ಅತ್ತೆ ಬಿಸಿ ಬೆಣ್ಣೆ ಹಾಕಿದರು, ಮಂತ್ರಿಸಿದ ದಾರ ಕಟ್ಟಿಸಿದರು, ಏನೂ ಆಗಲಿಲ್ಲ. ಕರೆದರೆ ಓಗೊಡುವುದಿಲ್ಲ ಅಂತ ನೀವು ಅವನನ್ನು ಮಂಕ ಅಂತಿದ್ದಿರಿ. ಇಲ್ಲಿ ನಾರಿನ್‌ನ ಡಾಕ್ಟರಮ್ಮ ಸಣ್ಣ ಆಪರೇಷನ್ ಮಾಡಿದ ಮೇಲೆ ಮೂರು ವಾರದಲ್ಲಿ ಒಣಗಿತು. ಒಂದು ದಿನ ಅವನು ಬೇಲಿ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ. ನಾನು ಹಿಂದಿನಿಂದ ಮೆಲ್ಲಗೆ ಕರೆದೆ. ತಿರುಗಿ ನೋಡಿದ. ಏನತ್ತಿಗೆ ಅಂದ. ಏನಿಲ್ಲ ಅಂದು ಒಳಗೆ ಹೋಗಿ ಅತ್ತುಬಿಟ್ಟೆ. ಪ್ರತಿ ಚಳಿಗಾಲಕ್ಕೂ ಒಂದು ಸಲ ತೋರಿಸಬೇಕು, ಇಲ್ಲದಿದ್ದರೆ ಮತ್ತೆ ಹಿಡಿಯುತ್ತದೆ, ಈ ಸಲ ತಲೆಗೆ ಏರಬಹುದು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಚಳಿಗಾಲದಲ್ಲಿ ಪಾಮಿರ್‌ನಿಂದ ಯಾವ ಡಾಕ್ಟರ ಹತ್ತಿರ ಹೋಗುತ್ತೀರಿ ಹೇಳಿ. ಅಲ್ಲಿ ನಾವು ಇಬ್ಬರು ಮಕ್ಕಳನ್ನು ಮಣ್ಣು ಮಾಡಿ ಬಂದಿದ್ದೇವೆ. ಸೋನುನ್ ಎಂಟು ತಿಂಗಳು ಬದುಕಿದ್ದಳು, ಅವಳ ತಮ್ಮ ಹೆಸರಿಡುವ ಮೊದಲೇ ಹೋದ. ನೆಲ ಹೆಪ್ಪುಗಟ್ಟಿದೆ ಅಂತ ಆ ಮಗುವನ್ನು ಮೂರು ದಿನ ಗುಡಾರದ ಹೊರಗೆ ಇಟ್ಟುಕೊಂಡಿದ್ದೆವು. ಗುದ್ದಲಿ ಹಿಡಿದವರು ನೀವೇ. ಅದನ್ನು ಮರೆತು "ನಿಮ್ಮಿಷ್ಟ ಅಪ್ಪಾ" ಅನ್ನುವುದಕ್ಕೆ ನಿಮಗೆ ಬಾಯಿ ಹೇಗೆ ಬಂತು?

ಸೊಸೆಯಾದವಳು ಮಾವನ ಎದುರು ಮಾತಾಡುವ ಹಾಗಿಲ್ಲ, ಅದಕ್ಕೇ ಸೋಮವಾರ ಅತ್ತೆಯ ಹತ್ತಿರ ಹೋದೆ. ಅವರು ಹಾಲು ಕಡೆಯುತ್ತಿದ್ದರು, ತಲೆ ಎತ್ತಲಿಲ್ಲ. "ಕೊಟ್ಟ ಮಗೂನ ವಾಪಸ್ ಕೇಳೋಳ್ನ ನಾನು ಇವತ್ತೇ ನೋಡಿದ್ದು" ಅಂದರು. ನಾನು ಕೊಡಲಿಲ್ಲ ಅತ್ತೆ, ನೀವು ತಗೊಂಡಿರಿ ಅಂದೆ. ಕಡೆಯುವ ಕೋಲು ಕೈಯಿಂದ ಬಿಟ್ಟರು. "ನಾನು ಹೆರ್ಲಿಲ್ಲ ಅಷ್ಟೇ ಕಣೇ. ಎಂಟು ವರ್ಷ ಆ ಕೀವು ಒರ್ಸಿದ್ ಯಾರು? ನೀನಾ?" ಅಂದರು. ಒರೆಸಲು ನನಗೆ ಬಿಟ್ಟಿದ್ದರೆ ನಾನೂ ಒರೆಸುತ್ತಿದ್ದೆ. ಆಮೇಲೆ ನಿಮಗೆ ಫೋನ್ ಮಾಡಿದೆ. "ಅಪ್ಪ ಹೇಳಿದ್ಮೇಲೆ ನಾನೇನ್ ಹೇಳ್ಲಿ ಮಾರಾಯ್ತಿ, ಒಂದ್ ವರ್ಷ ಬಿಟ್ಟು ನೋಡೋಣ" ಅಂದಿರಿ. ಅಷ್ಟು ಹೇಳಿ ನಕ್ಕಿರಿ.

ಕಾಲಿಯಾ ಟೀಚರ್ ನನ್ನನ್ನು ಮಂಗಳವಾರ ಜಿಲ್ಲಾ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿನ ಅಧಿಕಾರಿ ಹೆಂಗಸು ಕಡತ ತೆಗೆದು ನೋಡಿ, "ಕಾಗದದಲ್ಲಿ ನೀವು ಹುಡುಗನ ಅತ್ತಿಗೆ ಆಗ್ತೀರಿ. ಅಪ್ಪ ಅಮ್ಮ ಕರ್ಕೊಂಡ್ ಹೋಗೋ ಮಗೂನ ಅತ್ತಿಗೆ ತಡೆಯೋಕಾಗುತ್ತಾ?" ಅಂದರು. ನಾನೇ ಹೆತ್ತೆ ಅಂದೆ. ಎರಡು ವರ್ಷ ಯಾಕೆ ಹೇಳಲಿಲ್ಲ ಅಂದರು. ಯಾರೂ ಕೇಳಲಿಲ್ಲ ಅಂದೆ. ಪಾಪ, ಅವರು ಕೆಟ್ಟವರಲ್ಲ, ಮರುದಿನ ಎಲ್ಲರನ್ನೂ ಕರೆಸಿದರು.

ಇಲ್ಲಿ ನಿಮಗೊಂದು ಹಳೆಯ ವಿಷಯ ಹೇಳಬೇಕು. ಸಂಜೆ ಪಾಠಕ್ಕೆ ಸೇರಿದ ಹೊಸದರಲ್ಲಿ ಟೀಚರ್ ಹಲಗೆ ಮೇಲೆ ಕಲ್ಲು ಅಂತ ಬರೆದು ಓದು ಅಂದರು. ನಮ್ಮ ಮಾತಿನಲ್ಲಿ ಕಲ್ಲು ಅಂದರೆ ತಾಶ್, ಮಾವನ ಹೆಸರಿನ ಅರ್ಧ. ಮದುವೆಯಾದಾಗಿನಿಂದ ಆ ಶಬ್ದ ನನ್ನ ಬಾಯಿಂದ ಬಂದಿಲ್ಲ, ಕಾಲಿಗೆ ಕಲ್ಲು ತಾಗಿದರೂ "ಗಟ್ಟಿಯದು ತಾಗಿತು" ಅಂತಲೇ ಹೇಳಿ ಅಭ್ಯಾಸ. ಬೆವರುತ್ತ ನಿಂತುಬಿಟ್ಟೆ. ಟೀಚರ್ ಇವಳಿಗೆ ಅಕ್ಷರ ಹತ್ತುವುದಿಲ್ಲ ಅಂದುಕೊಂಡು ಮತ್ತೆ ಒಂದನೇ ಪಾಠಕ್ಕೆ ಕೂರಿಸಿದರು. ಒಂದು ತಿಂಗಳು ಚಿಕ್ಕ ಮಕ್ಕಳ ಪುಸ್ತಕ ಓದಿದೆನೇ ಹೊರತು ಆ ಶಬ್ದ ಹೇಳಲಿಲ್ಲ. ನಿಮ್ಮ ಮನೆತನದ ಮರ್ಯಾದೆಯನ್ನು ನಾನು ಹೀಗೆ ಕಾಪಾಡಿದವಳು.

ಬುಧವಾರ ಕಚೇರಿಯಲ್ಲಿ ಮಾವ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ಅತ್ತೆ, ಅವರ ಮಡಿಲಿಗೆ ಒರಗಿ ಎರ್ನಜಾರ್. ನಾನು ಬಾಗಿಲ ಹತ್ತಿರ. ಅಧಿಕಾರಿ, "ಹುಡುಗನ ತಂದೆ ಅಂತ ಕಾಗದದಲ್ಲಿ ಯಾರ ಹೆಸರಿದೆ, ಅದು ನಿಜವೋ ಸುಳ್ಳೋ, ನಿಜವಾದ ತಂದೆ ಯಾರು, ಹೆಸರು ಹೇಳಿ ಹೇಳ್ಬೇಕು. ನಾನು ಬರ್ಕೋತೀನಿ" ಅಂದರು. ಅವರೂ ಕಿರ್ಗಿಜ್ ಹೆಂಗಸೇ, ಆದರೆ ಪಟ್ಟಣದವರು, ಗಂಡನ ಹೆಸರನ್ನು ಬೆಕ್ಕು ಕರೆದ ಹಾಗೆ ಕರೆಯುವವರು. ಅವರು ಅಂದೆ ನಾನು. "ಅವ್ರು ಅಂದ್ರೆ ಯಾರು?" ನಮ್ಮ ಮನೆಯ ಹಿರಿಯರು ಅಂದೆ. "ಹೆಸರೇ ಗೊತ್ತಿಲ್ವೇನಮ್ಮಾ? ಹೆಸರು ಗೊತ್ತಿಲ್ದೋಳು ಮಗು ನಂದು ಅಂತ ಹೇಗೆ ಬಂದೆ?" ಅಂದು ಪೆನ್ನು ಮುಚ್ಚಿದರು. ಮಾವ ನನ್ನ ಕಡೆ ನೋಡಲಿಲ್ಲ. ನಾನು ಹೇಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು, ನನ್ನ ಮರ್ಯಾದೆಯ ಮೇಲೆ ಅವರಿಗೆ ಅಷ್ಟು ಭರವಸೆ.

ಹೇಳಿದೆ. ತಾಶ್ತಾನ್ ಅಂದೆ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ, ತಾಶ್ತಾನ್ ಇವನ ತಂದೆಯಲ್ಲ, ತಂದೆಯ ತಂದೆ ಅಂತ. ಆಮೇಲೆ ನಿಮ್ಮ ಹೆಸರನ್ನೂ ಹೇಳಿದೆ. ಅತ್ತೆ ಮುಖಕ್ಕೆ ತಲೆವಸ್ತ್ರ ಎಳೆದುಕೊಂಡು, "ಅಯ್ಯೋ ನಿನ್ ಬಾಯಿಗೆ ಮಣ್ಣು ಬೀಳಾ" ಅಂದರು. ಮಾವ ಹಾಗೇ ಕೂತಿದ್ದರು, ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ಅಧಿಕಾರಿ ಹುಡುಗನನ್ನು ಹತ್ತಿರ ಕರೆದು, "ನಿನ್ನ ಅಮ್ಮ ಯಾರು ಮರೀ?" ಅಂದರು. ಅವನು ಅತ್ತೆಯನ್ನು ತೋರಿಸಿದ. ನನ್ನನ್ನು ತೋರಿಸಿ, "ಇವ್ರು?" ಅಂದರು. "ನಮ್ಮತ್ತಿಗೆ" ಅಂದ. ಅವನು ತಪ್ಪೇನೂ ಹೇಳಲಿಲ್ಲ. ಆ ತಪ್ಪನ್ನು ನಾವೆಲ್ಲ ಸೇರಿ ಅವನಿಗೆ ಕಲಿಸಿದ್ದು.

ಅಧಿಕಾರಿಯ ತೀರ್ಮಾನ ಇಷ್ಟು. ನನ್ನೊಬ್ಬಳ ಮಾತು ಸಾಲದು. ಒಂದೋ ಇವನು ನನ್ನ ಮಗನಲ್ಲ ಅಂತ ಮಾವ ಬರೆದುಕೊಡಬೇಕು, ಇಲ್ಲವೇ ಇವನು ನನ್ನ ಮಗ ಅಂತ ನೀವೇ ಬಂದು ಸಹಿ ಹಾಕಬೇಕು. ಶನಿವಾರ ಹತ್ತಕ್ಕೆ ಪಟ್ಟಿ ಹಿಡಿದುಕೊಂಡು ಅಧಿಕಾರಿಯೇ ಲಾರಿಯ ಹತ್ತಿರ ಇರುತ್ತಾರೆ. ಅಷ್ಟರೊಳಗೆ ಇವೆರಡರಲ್ಲಿ ಒಂದೂ ಆಗದಿದ್ದರೆ ಹುಡುಗ ಕಾಗದದಲ್ಲಿರುವ ಅಪ್ಪ ಅಮ್ಮನ ಜೊತೆ ಲಾರಿ ಹತ್ತುತ್ತಾನೆ. ನಿನ್ನೆಯಿಂದ ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡುತ್ತಿಲ್ಲ. ನಾನು ಮಾಡಿದ ಚಹಾ ಮಾವ ಮುಟ್ಟಿಲ್ಲ. ಅವರು ಬರೆದುಕೊಡುವ ಆಸೆ ನನಗಿಲ್ಲ, ನೀವೇ ಬರಬೇಕು. ನಾಳೆ ಮಧ್ಯಾಹ್ನದ ವ್ಯಾನಿನ ಚಾಲಕನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ, ಸಂಜೆ ಹೊತ್ತಿಗೆ ನಿಮ್ಮ ಕೈ ಸೇರುತ್ತದೆ. ಅದೇ ವ್ಯಾನು ಬೆಳಗಾಗುವ ಮೊದಲು ವಾಪಸ್ ಹೊರಡುತ್ತದೆ, ಒಂಬತ್ತಕ್ಕೆ ಇಲ್ಲಿರುತ್ತದೆ. ಚಾಲಕನ ಪಕ್ಕದ ಸೀಟು ನಿಮಗೆ ಹಿಡಿಸಿದ್ದೇನೆ.

ಅಪ್ಪನ ಮಾತು ಮೀರಿದ ಮಗ ಅನ್ನಿಸಿಕೊಳ್ಳುವ ಭಯ ನಿಮಗಿದೆ, ನನಗೆ ಗೊತ್ತು. ನೀವು ಮೂವತ್ತೆರಡು ವರ್ಷ ಮಗನಾಗಿದ್ದೀರಿ. ಒಂದೇ ಒಂದು ದಿನ ಅಪ್ಪನಾಗಿ.

ಅಲ್ಲಿರುವ ನಮ್ಮ ಊರಿನವರಿಗೆಲ್ಲ ನನ್ನ ಸಲಾಂ ಹೇಳಿ, ಕೋರ್ಟ್ ಶುರುವಾಯ್ತಾ ಅಂತ ಕೇಳಿದವನಿಗೆ ಮಾತ್ರ ಬೇಡ. ದಾರಿಯಲ್ಲಿ ಚಳಿ ಇರುತ್ತದೆ, ಕೋಟು ತನ್ನಿ. ಜಿಪಾರ್ ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮ ಸೊಂಟಕ್ಕೂ ಬೆನ್ನಿಗೂ ಬಲ ಕೊಡಲಿ.

ಬುರುಲ್ಚಾ

ಶುಕ್ರವಾರ, ಹನ್ನೊಂದೂವರೆ. ವ್ಯಾನು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಕಚೇರಿಯಿಂದ ಕರೆ ಬಂತು, ಓಡಿದೆ. ಬಾಗಿಲು ತೆಗೆಯುವ ಮೊದಲೇ ಮಾವ ಅತ್ತೆಯನ್ನು ಕರೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಿದ್ದರಂತೆ. "ಸೊಸೆ ಹೇಳಿದ್ದು ನಿಜ. ಇವ್ನು ನನ್ ಮೊಮ್ಮಗ. ಅಲ್ಲಿ ಕಿವಿಗೆ ಔಷಧಿ ಇಲ್ಲ" ಅಂದು ಹೆಬ್ಬೆಟ್ಟು ಒತ್ತಿದರಂತೆ. ಅತ್ತೆಯೂ ಅಳುತ್ತ ಒತ್ತಿದರಂತೆ. ತುಂಬಿದ ಕಚೇರಿಯಲ್ಲಿ ನನ್ನ ಬಾಯಿಂದ ತನ್ನ ಹೆಸರು ಕೇಳಿಸಿಕೊಂಡ ಮುದುಕ ಎದ್ದು ಹೋಗಿ ನಿಮ್ಮ ಕೆಲಸ ಮಾಡಿ ಬಂದ. ಹುಡುಗನಿಗೆ ಇನ್ನೂ ಗೊತ್ತಿಲ್ಲ, ಲಾರಿ ಹತ್ತಲು ಚೀಲ ತುಂಬಿಕೊಂಡು ಕೂತಿದ್ದಾನೆ. ನಾಳೆ ಲಾರಿ ಹೊರಟಾಗ ಅವನು ಅದರ ಹಿಂದೆ ಓಡುತ್ತಾನೆ. ಅವನನ್ನು ಹಿಡಿದುಕೊಳ್ಳಲು ನನ್ನೊಬ್ಬಳ ಕೈಲಿ ಆಗುವುದಿಲ್ಲ. ಹೊಸ ಕಾಗದದಲ್ಲಿ ತಾಯಿ ಅನ್ನುವ ಕಡೆ ನನ್ನ ಹೆಸರು ಬರೆದರು. ತಂದೆಯ ಹೆಸರು ಬರೆಯಬೇಕಾದರೆ ತಂದೆಯೇ ಎದುರು ನಿಲ್ಲಬೇಕಂತೆ, ಬರದಿದ್ದರೆ ಅಲ್ಲಿ ಒಂದು ಗೆರೆ ಎಳೆಯುತ್ತಾರಂತೆ. ಈಗಲೇ ಎಳೆಯಲೇ ಅಂತ ಕೇಳಿದರು. ಸೋಮವಾರದವರೆಗೆ ಬೇಡ ಅಂದೆ. ಅಷ್ಟರೊಳಗೆ ನೀವು ಬರದಿದ್ದರೆ ಸೋಮವಾರ ನಾನೇ ಹೋಗಿ ಎಳೆಯಿರಿ ಅನ್ನುತ್ತೇನೆ.